ಪಿಕಪ್ ಗಾಡಿಯ ಪಂಪಿನ ಫ್ಯೂಸ್

(ಸಂಘದ ಬೆಳ್ಳಿಹಬ್ಬದ ನಿಮಿತ್ತ ಹತ್ತರಗಿಯಲ್ಲಿ ಸೇರಿದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ವೇದಿಕೆ ಮೇಲೆ ಶೇರು, ಠೇವು, ಲಾಭಾಂಶದ ಬಗ್ಗೆ ಮಾತನಾಡುವ ತಿಳಿದವರು ಬಹಳ ಮಂದಿ ಇದ್ದಾರೆ. ಗ್ರೀಸಿನ ಕೈಯವರಾದ ನಮ್ಮನ್ನು ಯಾಕೆ ಕರೆದರು ಎಂದು ನಮಗೇ ಸಂಕೋಚವಾಗಿತ್ತು. ಕಾರ್ಯದರ್ಶಿಗಳು ಒಂದೇ ಮಾತು ಹೇಳಿದರು: "ಸಂಘದ ಸಾಲದಾಗ ತಗೊಂಡ ಗಾಡಿ ಓಡಿದರ ಕಂತು ಬರತೈತಿ, ನಿಂತರ ನಮ್ಮ ಪುಸ್ತಕದಾಗ ಬಾಕಿ ನಿಲ್ಲತೈತಿ. ಅದಕ್ಕ ನೀವು ಮಾತಾಡ್ರಿ." ಈ ಲೆಕ್ಕ ನಮಗೂ ಒಪ್ಪಿಗೆಯಾಯಿತು. ಹಾಗಾಗಿ ಹೆದ್ದಾರಿ ಬದಿಯಲ್ಲಿ ಗಾಡಿ ರಿಪೇರಿ ಮಾಡುವ ನಾವು ಮೂರು ಜನ ಕೂಡಿ ಈ ಮಾತು ಬರೆದುಕೊಂಡು ಬಂದಿದ್ದೇವೆ.

ವಿಷಯ ಸಣ್ಣದು. ನಿಮ್ಮ ಉಗುರಿಗಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ತುಂಡು, ಅದರೊಳಗೆ ಒಂದು ತೆಳ್ಳನೆಯ ತಗಡಿನ ಎಳೆ. ಪಿಕಪ್ ಗಾಡಿಯಲ್ಲಿ ಪೆಟ್ರೋಲ್ ಪಂಪಿನ ಫ್ಯೂಸ್. ಪೆಟ್ರೋಲ್ ಪಂಪ್ ಅಂದರೆ ರಸ್ತೆ ಬದಿಯ ಬಂಕ್ ಅಲ್ಲರಿ, ಟಾಕಿಯೊಳಗೆ ಮುಳುಗಿ ಕುಳಿತು ಎಂಜಿನ್ನಿಗೆ ಎಣ್ಣೆ ದೂಡುವ ಕರೆಂಟಿನ ಪಂಪ್. ಚಾವಿ ತಿರುಗಿಸಿದ ಕೂಡಲೆ ಹಿಂದಿನಿಂದ ಎರಡು ಮೂರು ಸೆಕೆಂಡು "ಗುಂಯ್" ಅಂತ ಸಪ್ಪಳ ಬರುತ್ತದಲ್ಲ, ಅದೇ ಅದು. ಆ ಸಪ್ಪಳ ಬರಲಿಲ್ಲ, ಸೆಲ್ಫ್ ಹೊಡೆದರೆ ಎಂಜಿನ್ ಬರೀ ತಿರುಗುತ್ತದೆ, ಹತ್ತುವುದಿಲ್ಲ ಎಂದರೆ ಮೊದಲು ನೋಡಬೇಕಾದದ್ದು ಈ ಫ್ಯೂಸನ್ನು.

ಹಳೆಯ ಡೀಸೆಲ್ ಗಾಡಿಯವರು "ನಮಗ ಇದು ಸಂಬಂಧ ಇಲ್ಲ" ಅನ್ನಬೇಡಿರಿ. ನಿಮ್ಮ ಪಂಪನ್ನು ಎಂಜಿನ್ನೇ ತಿರುಗಿಸುತ್ತದೆ, ಖರೆ. ಆದರೆ ಅದರ ಮೇಲೆ ಡೀಸೆಲ್ ಬಿಡುವ, ಕಡಿಯುವ ಸೊಲೆನಾಯ್ಡ್ ಒಂದಿರುತ್ತದೆ. ಅದಕ್ಕೆ ಕರೆಂಟು ತಪ್ಪಿದರೆ ಡೀಸೆಲ್ ಅಲ್ಲೇ ನಿಲ್ಲುತ್ತದೆ, ಗಾಡಿಯೂ ನಿಲ್ಲುತ್ತದೆ. ಹೊಸ ಡೀಸೆಲ್ ಗಾಡಿಗಳಲ್ಲಂತೂ ಕಂಪ್ಯೂಟರಿನ ಫ್ಯೂಸ್ ಹೋದರೆ ಮುಗಿಯಿತು. ಆದರೆ ಈಗೀಗ ನಮ್ಮ ಕಡೆ ಸಣ್ಣ ಪೆಟ್ರೋಲ್ ಗಾಡಿ, ಸಿಎನ್‌ಜಿ ಗಾಡಿ ಹೆಚ್ಚಾಗಿವೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದಮೇಲೆ ಸಣ್ಣ ಡೀಸೆಲ್ ಎಂಜಿನ್ ತುಟ್ಟಿಯಾಗಿ, ಮಂದಿ ಪೆಟ್ರೋಲಿಗೆ ಹೊರಳಿದರು. ಅದಕ್ಕೇ ಇಂದು ಟಾಕಿಯೊಳಗಿನ ಪಂಪಿನ ಮಾತೇ ಹೆಚ್ಚು.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇವೆ. ಇದು ಸಭೆಯಲ್ಲಿ ಹೇಳಬೇಕೋ ಬೇಡವೋ ಎಂದು ನಾವು ಮೂವರೂ ವಾದ ಮಾಡಿದೆವು. ಕೊನೆಗೆ, ಇದನ್ನು ಬಿಟ್ಟು ಉಳಿದದ್ದು ಹೇಳಿದರೆ ಅದು ಬರೀ ಪುಸ್ತಕದ ಮಾತಾಗುತ್ತದೆ ಎಂದು ತೀರ್ಮಾನವಾಯಿತು.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಸಂಘದ ಸದಸ್ಯರೊಬ್ಬರು, ಇಲ್ಲೇ ಕುಳಿತಿದ್ದಾರೆ, ಹೆಸರು ಹೇಳಬೇಡಿರಿ ಅಂದಿದ್ದಾರೆ, ರಾತ್ರಿ ಎರಡು ಗಂಟೆಗೆ ನಮ್ಮ ಬಾಗಿಲು ಬಡಿದರು. ಗಾಡಿಯಲ್ಲಿ ಹಸಿಮೆಣಸಿನಕಾಯಿ, ಕೊತ್ತಂಬರಿ, ಮೆಂತೆ ಪಲ್ಲೆ. ಬೆಳಗಾವಿ ಮಾರ್ಕೆಟ್ಟಿಗೆ ಬೆಳಕು ಹರಿಯುವುದರೊಳಗೆ ಮುಟ್ಟಬೇಕು. ಮುಟ್ಟಿದರೆ ದರ, ತಡವಾದರೆ ಪಲ್ಲೆ ಬಾಡಿ ದನಕ್ಕೆ. ಪಂಪಿನ ಫ್ಯೂಸ್ ಹಾರಿತ್ತು. ಆ ವಾರದಲ್ಲಿ ಅದು ಮೂರನೆಯ ಸಲ. 15ರ ನೀಲಿ ಫ್ಯೂಸ್ ಇರಬೇಕಾದ ಜಾಗ. ನಮ್ಮ ಹತ್ತಿರ ಆ ಹೊತ್ತಿಗೆ ನೀಲಿ ಇರಲಿಲ್ಲ, ಹಸಿರು ಇತ್ತು, 30ರದು. "ಇದನ್ನ ಹಾಕ್ತೀವ್ರಿ, ಇನ್ನ ಹಾರೂದುಲ್ಲ, ನಾಳೆ ಬಂದು ತೋರಿಸ್ರಿ" ಅಂದೆವು. ಅವರು ನಮ್ಮ ಮೇಲೆ ಭರವಸೆ ಇಟ್ಟು ಹೊರಟರು.

ನಾವು ಹೇಳಿದ್ದು ಖರೆ ಆಯಿತು. ಫ್ಯೂಸ್ ಹಾರಲಿಲ್ಲ. ವಂಟಮುರಿ ಘಾಟಿನ ಏರಿನಲ್ಲಿ ಗಾಡಿ ಜರ್ಕ್ ಹೊಡೆಯತೊಡಗಿತು, ಹಿಂದಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಕನ್ನಡಿಯಲ್ಲಿ ನೋಡಿದರೆ ಕ್ಯಾಬಿನ್ನಿಗೂ ಬಾಡಿಗೂ ನಡುವೆ ಹೊಗೆ. ಅವರು ಹಳೆಯ ಡ್ರೈವರ್. ಮೊದಲು ಚಾವಿ ತೆಗೆದರು, ಹ್ಯಾಂಡ್‌ಬ್ರೇಕ್ ಎಳೆದರು, ಜೊತೆಗಿದ್ದ ಮಗನನ್ನು ಕೆಳಗಿಳಿಸಿ ದೂರ ಓಡಿಸಿದರು, ಆಮೇಲೆ ಬ್ಯಾಟರಿಯ ತಂತಿ ಬಿಚ್ಚಿದರು. ಟಾಕಿಯಿಂದ ಒಂದು ಗೇಣು ದೂರದಲ್ಲಿ ತಂತಿಯ ಮೇಲಿನ ರಬ್ಬರು ಉರಿಯುತ್ತಿತ್ತು. ಕರೆಂಟು ನಿಂತಕೂಡಲೆ ಆರಿತು. ಒಂದು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತು ಎಂದು ನಾವು ಇವತ್ತಿಗೂ ಮಾತಿಗೆ ತರುವುದಿಲ್ಲ. ಆ ಹುಡುಗ ಈಗ ಕಾಲೇಜಿಗೆ ಹೋಗುತ್ತಾನೆ.

ಮರುದಿನ ಗಾಡಿ ಎಳೆದು ತಂದು ಬಿಚ್ಚಿದಾಗ ಕಾರಣ ಸಿಕ್ಕಿತು. ಪಂಪಿನ ತಂತಿ ಚಾಸಿಯ ಒಳಮಗ್ಗುಲಿಗೆ ಹಾದು ಟಾಕಿಗೆ ಹೋಗುತ್ತದೆ. ಅದನ್ನು ಹಿಡಿದ ಒಂದು ಪ್ಲಾಸ್ಟಿಕ್ ಕ್ಲಿಪ್ಪು ಮುರಿದಿತ್ತು. ತಂತಿ ಜೋತುಬಿದ್ದು ಬಾಡಿಯ ಕಬ್ಬಿಣದ ಬ್ರಾಕೆಟ್ಟಿಗೆ ಉಜ್ಜಿ ಉಜ್ಜಿ ಮೇಲಿನ ಸಿಪ್ಪೆ ಹೋಗಿತ್ತು. ಖಾಲಿ ಗಾಡಿ ಇದ್ದಾಗ ಎರಡಕ್ಕೂ ನಡುವೆ ಒಂದು ಬೆರಳು ಸಂದು. ಲೋಡ್ ಬಿದ್ದು ಪಾಟಾ ಕುಸಿದಾಗ ತಾಗುವುದು. ನಾವು ಗಾಡಿಯನ್ನು ನೋಡಿದ್ದೆಲ್ಲ ಖಾಲಿ ಇದ್ದಾಗ! ಅದಕ್ಕೇ ಮೂರು ಸಲವೂ "ಏನೂ ದೋಷ ಇಲ್ಲ" ಅಂತ ಕಳಿಸಿದ್ದೆವು. ಆ ರಾತ್ರಿ ತಂತಿ ಪೂರ್ತಿ ತಾಗಿದ್ದರೆ 30ರ ಫ್ಯೂಸೂ ಹಾರುತ್ತಿತ್ತು. ಅರೆಬರೆ ತಾಗಿತು. 15ರದು ಇದ್ದಿದ್ದರೆ ತಡೆಯದೆ ಹಾರುವಷ್ಟು ಕರೆಂಟು, ಆದರೆ 30ಕ್ಕೆ ಅದು ಲೆಕ್ಕಕ್ಕಿಲ್ಲ. ಫ್ಯೂಸ್ ಸುಮ್ಮನೆ ಕುಳಿತಿತು, ಅದರ ಬದಲಿಗೆ ತಂತಿ ಉರಿಯಿತು. ಒಂದು ಸಮಾಧಾನದ ಮಾತೆಂದರೆ, ತಾಗಿದ ಜಾಗ ರಿಲೇ ದಾಟಿದಮೇಲೆ ಇತ್ತು. ಅದಕ್ಕೇ ಚಾವಿ ತೆಗೆದಾಗಲೇ ಕರೆಂಟು ನಿಂತಿತು. ರಿಲೇಗಿಂತ ಮೊದಲಿನ ತಂತಿ ಆಗಿದ್ದರೆ ಬ್ಯಾಟರಿ ಬಿಚ್ಚುವ ತನಕ ಉರಿಯುತ್ತಲೇ ಇರುತ್ತಿತ್ತು.

ಆ ದಿನದ ಪಲ್ಲೆಯ ನುಕ್ಸಾನ, ವೈರಿಂಗ್ ಖರ್ಚು ನಾವು ಕೊಟ್ಟೆವು. ಅವರು ಬೇಡ ಅಂದರು. ಕೊಟ್ಟೆವು.

ಈ ಮಾತು ನಿಮಗೆ ತಿಳಿಯುವುದು ಬಹಳ ಸುಲಭ, ಯಾಕೆಂದರೆ ಫ್ಯೂಸಿನ ವಿದ್ಯೆ ನಮ್ಮ ತಾಲೂಕಿಗೆ ಹೊಸದಲ್ಲ. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿದ್ದು 1969ರಲ್ಲಿ. ಕರೆಂಟನ್ನೂ ಸಹಕಾರದಿಂದ ಹಂಚಿಕೊಂಡ ತಾಲೂಕು ನಮ್ಮದು. ಹೊಲದ ಟಿಸಿ ಯಾರಿಗೆ ಗೊತ್ತಿಲ್ಲ? ಮೋಟರು ಹೆಚ್ಚಾಗಿ ಫ್ಯೂಸ್ ಪದೇ ಪದೇ ಹೋಗುತ್ತದೆ. ಲೈನ್‌ಮನ್ ಬರುವ ತನಕ ಯಾರು ಕಾಯಬೇಕೆಂದು ನಮ್ಮಲ್ಲೇ ಒಬ್ಬ ಶಾಣ್ಯಾ ಹೋಗಿ ದಪ್ಪ ತಂತಿ ಸುತ್ತಿ ಬರುತ್ತಾನೆ. ಎರಡು ದಿನ ಮೋಟರು ಚಲೋ ಓಡುತ್ತವೆ. ಮೂರನೆಯ ದಿನ ಟಿಸಿಯೇ ಸುಡುತ್ತದೆ, ಹದಿನೈದು ಮಂದಿಯ ಕಬ್ಬು ಒಣಗುತ್ತದೆ. ಹತ್ತು ರೂಪಾಯಿಯದನ್ನು ಉಳಿಸಲು ಹೋಗಿ ಟಿಸಿ ಕಳೆದುಕೊಂಡವರು ಈ ಸಭೆಯಲ್ಲಿ ಕೈ ಎತ್ತಿರಿ ಅಂದರೆ ಯಾರೂ ಎತ್ತಲಿಕ್ಕಿಲ್ಲ, ಆದರೆ ಪಕ್ಕದವನ ಕಡೆ ಎಲ್ಲರೂ ನೋಡುತ್ತೀರಿ. ನಾವು ಆ ರಾತ್ರಿ ಮಾಡಿದ್ದು ಅದೇ ಕೆಲಸ.

ಗಾಡಿಯ ಫ್ಯೂಸಿನ ಮೇಲೆ ನಂಬರ್ ಇರುತ್ತದೆ, ಬಣ್ಣವೂ ಇರುತ್ತದೆ. 10 ಕೆಂಪು, 15 ನೀಲಿ, 20 ಹಳದಿ, 25 ಬಿಳಿ ಅಥವಾ ಬಣ್ಣವಿಲ್ಲದ್ದು, 30 ಹಸಿರು. ಓದಲು ಬಾರದವರೂ ಬಣ್ಣ ಗುರುತು ಹಿಡಿಯಬಹುದು. ಆ ನಂಬರನ್ನು ಕಂಪನಿಯವರು ಪಂಪ್ ನೋಡಿ ಮಾತ್ರ ಇಟ್ಟದ್ದಲ್ಲ, ಅಲ್ಲಿಗೆ ಹೋಗುವ ತಂತಿಯ ದಪ್ಪ ನೋಡಿ ಇಟ್ಟದ್ದು. ತಂತಿ ಬದಲಿಸದೆ ನಂಬರ್ ಏರಿಸಿದಿರೆಂದರೆ ಇನ್ನು ಮೇಲೆ ತಂತಿಯೇ ಫ್ಯೂಸ್ ಎಂದು ನೀವೇ ಠರಾವು ಮಾಡಿದಂತೆ. ಹೊಸದನ್ನು ಹಾಕುವಾಗ ಚಾವಿ ತೆಗೆದೇ ಹಾಕಿರಿ. ಮುಚ್ಚಳದ ಒಳಗೆ ನಕ್ಷೆ ಇರುತ್ತದೆ, ಯಾವ ಜಾಗ ಯಾವುದಕ್ಕೆ ಎಂದು. ಅದು ಹರಿದಿದ್ದರೆ ನಮ್ಮಲ್ಲಿ ಬಂದು ಬರೆಸಿಕೊಳ್ಳಿರಿ, ದುಡ್ಡು ತೆಗೆದುಕೊಳ್ಳುವುದಿಲ್ಲ.

ಇನ್ನು ಹಾರಿದ ಫ್ಯೂಸನ್ನು ಬಿಸಾಡುವ ಅಭ್ಯಾಸ. ಇದನ್ನು ದಯವಿಟ್ಟು ಬಿಡಿರಿ. ನಾಡಿ ನೋಡುವ ವೈದ್ಯನಿಗೆ ನಾಡಿ ಹೇಗೋ ಹಾಗೆ ನಮಗೆ ಸತ್ತ ಫ್ಯೂಸ್. ಒಳಗಿನ ಎಳೆ ಸಿಡಿದು ಪ್ಲಾಸ್ಟಿಕ್ ಕರ್ರಗಾಗಿದ್ದರೆ, ಎಲ್ಲೋ ತಂತಿ ಕಬ್ಬಿಣಕ್ಕೆ ನೇರವಾಗಿ ತಾಗಿ ಶಾರ್ಟ್ ಆಗಿದೆ. ಮಸಿ ಇಲ್ಲದೆ ಎಳೆ ನಡುವೆ ಮೆತ್ತಗೆ ಕರಗಿ ಕಡಿದಿದ್ದರೆ, ಶಾರ್ಟ್ ಅಲ್ಲ, ಬಹಳ ಹೊತ್ತು ಸ್ವಲ್ಪ ಹೆಚ್ಚಿನ ಕರೆಂಟು ಎಳೆಯಲಾಗಿದೆ. ಇದು ಹೆಚ್ಚಾಗಿ ಪಂಪ್ ದಣಿದ ಗುರುತು, ಇಲ್ಲವೇ ಅದೇ ಫ್ಯೂಸಿನ ಮೇಲೆ ಬೇರೆ ಯಾರದೋ ಭಾರ ಬಿದ್ದ ಗುರುತು. ಮೂರನೆಯದು ಎಲ್ಲಕ್ಕಿಂತ ಮೋಸದ್ದು. ಎಳೆ ಗಟ್ಟಿಯಾಗಿಯೇ ಇರುತ್ತದೆ, ಆದರೆ ಒಂದು ಕಾಲಿನ ಬುಡದಲ್ಲಿ ಪ್ಲಾಸ್ಟಿಕ್ ಕಂದಾಗಿ ಕರಗಿರುತ್ತದೆ. ಮಂದಿ ಇದನ್ನು ನೋಡಿ "ಫ್ಯೂಸ್ ಚಲೋ ಐತಿ" ಅಂತ ಮತ್ತೆ ಅಲ್ಲೇ ಚುಚ್ಚುತ್ತಾರೆ. ರೋಗ ಫ್ಯೂಸಿನದಲ್ಲ, ಅದು ಕೂರುವ ಹಲ್ಲಿನದು. ಹಲ್ಲು ಸಡಿಲಾಗಿದೆ, ಲೂಸ್ ಕಾಂಟ್ಯಾಕ್ಟ್.

ಲೂಸ್ ಕಾಂಟ್ಯಾಕ್ಟ್ ಎಷ್ಟು ಕೆಟ್ಟದ್ದು ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕ ನೋಡಿರಿ. ಪಂಪ್ 7 ಆಂಪ್ ಎಳೆಯುತ್ತಿದೆ ಎನ್ನೋಣ. ಸಡಿಲ ಹಲ್ಲಿನಲ್ಲಿ ಅರ್ಧ ವೋಲ್ಟ್ ಸೋರಿದರೆ ಮೂರೂವರೆ ವ್ಯಾಟ್ ಕಾವು ಅಲ್ಲೇ ಹುಟ್ಟಿತು. ಮೂರೂವರೆ ವ್ಯಾಟ್ ಏನು ಮಹಾ ಅಂತೀರೇನು? ಪಾರ್ಕಿಂಗ್ ದೀಪದ ಬಲ್ಬು ಐದು ವ್ಯಾಟಿನದು, ಉರಿಯುವಾಗ ಅದನ್ನು ಬೆರಳಿನಿಂದ ಹಿಡಿದು ನೋಡಿರಿ. ಸರಿಸುಮಾರು ಅಷ್ಟು ಕಾವು ಅಕ್ಕಿ ಕಾಳಿನಷ್ಟು ಜಾಗದಲ್ಲಿ, ಬೆಳಗಾವಿ ಮುಟ್ಟುವ ತನಕ. ಕಾದ ಹಲ್ಲು ಮತ್ತಷ್ಟು ಸಡಿಲಾಗುತ್ತದೆ, ಸಡಿಲಾದದ್ದು ಮತ್ತಷ್ಟು ಕಾಯುತ್ತದೆ. ಇದಕ್ಕೆ ಎಷ್ಟು ಹೊಸ ಫ್ಯೂಸ್ ಹಾಕಿದರೂ ಅಷ್ಟೇ. ಹಲ್ಲು ಬದಲಿಸಬೇಕು, ಇಲ್ಲವೇ ಆ ತಂತಿಗೆ ಬೇರೆ ಹೊಸ ಹೋಲ್ಡರ್ ಕೂಡಿಸಬೇಕು.

ಇದು ನಮ್ಮ ಕಡೆಯ ಗಾಡಿಗಳ ರೋಗ ಅಷ್ಟೇ ಎಂದು ತಿಳಿಯಬೇಡಿರಿ. ಅಮೆರಿಕದಲ್ಲಿ ಫೋರ್ಡ್ ಎಫ್-150 ಎನ್ನುವ ಪಿಕಪ್ ಇದೆ, ಅಲ್ಲಿಯ ರೈತರಿಗೆ ಬಹಳ ಪ್ರೀತಿಯದು. 2009ರ ನಂತರದ ಕೆಲವು ವರ್ಷಗಳ ಮಾದರಿಗಳಲ್ಲಿ ಪಂಪಿನ ಫ್ಯೂಸ್ 27ನೇ ನಂಬರಿನ ಜಾಗದಲ್ಲಿರುತ್ತದೆ, 20 ಆಂಪಿನದು. ಆ ಜಾಗವೇ ಕಾದು ಕರಗಿ ಗಾಡಿಗಳು ನಿಂತವು. ಕೊನೆಗೆ ಕಂಡುಕೊಂಡ ರಿಪೇರಿ ಎಂದರೆ ಆ ಜಾಗ ಬಿಟ್ಟು ಫ್ಯೂಸನ್ನು ಬೇರೆ ಕಡೆ ಸಾಗಿಸುವುದು. ಅಷ್ಟು ದೊಡ್ಡ ದೇಶದ ಅಷ್ಟು ದೊಡ್ಡ ಗಾಡಿಗೂ ಒಂದು ಹಲ್ಲಿನ ಬಿಗುವು ಸಾಲದೆ ಹೋಯಿತು. ಇದನ್ನು ಓದಿದಾಗ ನಮಗೆ ಸ್ವಲ್ಪ ಸಮಾಧಾನವೂ ಆಯಿತೆಂದು ಹೇಳಿದರೆ ತಪ್ಪು ತಿಳಿಯಬೇಡಿರಿ.

ಈಗ ನಮ್ಮ ಕಡೆ ಫ್ಯೂಸ್ ಹೋಗಲು ನಾವು ಕಂಡ ಕಾರಣಗಳು. ಮೊದಲನೆಯದು ಟಾಕಿ ಬರಿದಿಡುವುದು. ಟಾಕಿಯೊಳಗಿನ ಪಂಪ್ ತಂಪಾಗುವುದೇ ಸುತ್ತಲಿನ ಪೆಟ್ರೋಲಿನಿಂದ. ನೂರು ರೂಪಾಯಿದು, ಇನ್ನೂರು ರೂಪಾಯಿದು ಹಾಕಿಸಿ ಮುಳ್ಳು ಯಾವಾಗಲೂ ಕೆಂಪಿನಲ್ಲೇ ಇಟ್ಟು ಓಡಿಸುವವರ ಪಂಪ್ ಬಿಸಿಯಲ್ಲೇ ಬದುಕುತ್ತದೆ. ತಳದ ಕಸವನ್ನೂ ಎಳೆಯುತ್ತದೆ. ಜಾಳಿ ಕಟ್ಟಿಕೊಂಡರೆ, ಫಿಲ್ಟರ್ ತುಂಬಿದರೆ ಪಂಪ್ ತಿಣುಕುತ್ತದೆ, ಸವೆಯುತ್ತದೆ, ಸವೆದದ್ದು ಹೆಚ್ಚು ಕರೆಂಟು ಎಳೆಯುತ್ತದೆ. ಸಿಎನ್‌ಜಿ ಗಾಡಿಯವರದು ಇನ್ನೂ ಬೇರೆ. "ಗ್ಯಾಸ್ ಮ್ಯಾಲೆ ಓಡತೈತಿ, ಪೆಟ್ರೋಲ್ ಯಾಕ?" ಅಂತ ಟಾಕಿ ಒಣಗಿಸಿಟ್ಟಿರುತ್ತಾರೆ. ಕೆಲವು ಗಾಡಿಗಳಲ್ಲಿ, ಅದರಲ್ಲೂ ಹೊರಗೆ ಕಿಟ್ ಕೂಡಿಸಿದವುಗಳಲ್ಲಿ, ಗ್ಯಾಸಿನ ಮೇಲೆ ಓಡುವಾಗಲೂ ಪಂಪ್ ತಿರುಗುತ್ತಲೇ ಇರುತ್ತದೆ. ಕಾಲು ಟಾಕಿಗಿಂತ ಕೆಳಗೆ ಇಳಿಸಬೇಡಿರಿ, ಪೆಟ್ರೋಲಿನದಾಗಲಿ ಸಿಎನ್‌ಜಿಯದಾಗಲಿ.

ಎರಡನೆಯದು ಇಲಿ. ನಗಬೇಡಿರಿ. ಸುತ್ತ ಕಬ್ಬು ಇರುವ ಊರು ನಮ್ಮದು. ಕಬ್ಬು ಕಡಿಯುವ ಹಂಗಾಮಿನಲ್ಲಿ ಹೊಲ ಬಯಲಾದ ಕೂಡಲೆ ಇಲಿಗಳಿಗೆ ಮನೆ ಬೇಕು. ಗಾಣದ ಹತ್ತಿರ, ಹೊಟ್ಟಿನ ಬಣವೆ ಹತ್ತಿರ ನಿಲ್ಲಿಸಿದ ಗಾಡಿಯ ಬಾನೆಟ್ಟಿನೊಳಗೆ ಬೆಚ್ಚಗಿರುತ್ತದೆ. ಹಂಗಾಮಿನ ತಿಂಗಳುಗಳಲ್ಲಿ ನಮ್ಮಲ್ಲಿ ಬರುವ ವೈರಿಂಗ್ ಕೆಲಸದಲ್ಲಿ ಇಲಿಯ ಪಾಲು ದೊಡ್ಡದು. ವಾರಕ್ಕೊಮ್ಮೆ ಬಾನೆಟ್ ಎತ್ತಿ ಹುಲ್ಲು, ಹಿಕ್ಕೆ ಇದೆಯೋ ಎಂದು ನೋಡಿರಿ. ಬೆಲ್ಲ ಹೇರಿದ ದಿನ ಬಾಡಿ ತೊಳೆಯಿರಿ.

ತೊಳೆಯಿರಿ ಅಂದಕೂಡಲೆ ಇನ್ನೊಂದು. ಪ್ರೆಶರ್ ಪೈಪು ಹಿಡಿದು ಫ್ಯೂಸ್ ಪೆಟ್ಟಿಗೆಗೆ, ಟಾಕಿಯ ಮೇಲಿನ ಕನೆಕ್ಟರಿಗೆ ನೇರ ಹೊಡೆಯಬೇಡಿರಿ. ನೀರು ಒಳಹೊಕ್ಕರೆ ಅಂದೇ ಏನೂ ಆಗುವುದಿಲ್ಲ. ತಾಮ್ರಕ್ಕೆ ಹಸಿರು ಹಿಡಿಯಲು ತಿಂಗಳು ಬೇಕು. 2019ರ ಆಗಸ್ಟ್ ಮಹಾಪೂರದಲ್ಲಿ ಹಿರಣ್ಯಕೇಶಿ, ಘಟಪ್ರಭಾ ಎರಡೂ ಉಕ್ಕಿ ಸಂಕೇಶ್ವರ, ಗೋಕಾಕ ಕಡೆ ನೀರು ನುಗ್ಗಿತ್ತಲ್ಲ, ಆಗ ನೀರಿನಲ್ಲಿ ನಿಂತ ಗಾಡಿಗಳು ಒಣಗಿ, ಸ್ಟಾರ್ಟ್ ಆಗಿ, ಚಲೋ ಓಡಾಡಿದವು. ಯುಗಾದಿ ಹೊತ್ತಿಗೆ ಒಂದೊಂದಾಗಿ ನಮ್ಮ ಅಂಗಳಕ್ಕೆ ಬಂದವು. ಕನೆಕ್ಟರ್ ಬಿಚ್ಚಿದರೆ ಒಳಗೆ ಹಸಿರು ಉಪ್ಪು. ನೀರು ಕಂಡ ಗಾಡಿ ಕೊಳ್ಳುವವರು ಬಣ್ಣ ನೋಡಬೇಡಿರಿ, ಕನೆಕ್ಟರ್ ಬಿಚ್ಚಿಸಿ ನೋಡಿರಿ.

ಇನ್ನು ಹುಡುಗರಿಗೆ ಒಂದು ಮಾತು, ಸಿಟ್ಟಾಗಬೇಡ್ರಪ್ಪಾ. ಜಾತ್ರೆಗೆ, ಗಣಪತಿಗೆ ಗಾಡಿ ಸಿಂಗರಿಸುತ್ತೀರಿ. ಬಣ್ಣದ ಎಲ್‌ಇಡಿ, ನಾಲ್ಕು ಸ್ವರದ ಹಾರ್ನ್, ದೊಡ್ಡ ಬಾಕ್ಸು. ಬೇಡ ಅನ್ನುವುದಿಲ್ಲ, ನಮ್ಮ ವಯಸ್ಸಿನಲ್ಲಿ ನಾವೂ ಟ್ರ್ಯಾಕ್ಟರಿಗೆ ಟೇಪ್ ಕೂಡಿಸಿದವರೇ. ಆದರೆ ಕರೆಂಟು ಎಲ್ಲಿಂದ ತೆಗೆಯುತ್ತೀರಿ? ಫ್ಯೂಸಿನ ಕಾಲಿಗೆ ಬರೀ ತಂತಿ ಸುತ್ತಿ ಒತ್ತಿ ಕೂಡಿಸುತ್ತೀರಿ. ಚಾವಿ ಹಾಕಿದಾಗ ಮಾತ್ರ ಕರೆಂಟು ಬರುವ ಜಾಗ ಹುಡುಕುವಾಗ ಎಷ್ಟೋ ಸಲ ಕೈಗೆ ಸಿಗುವುದು ಈ ಪಂಪಿನ ಸಾಲೇ. ಒಂದು ಕಡೆ ಭಾರ ಹೆಚ್ಚಾಯಿತು, ಇನ್ನೊಂದು ಕಡೆ ಸುತ್ತಿದ ತಂತಿಯಿಂದ ಹಲ್ಲು ಅಗಲಾಗಿ ಸಡಿಲಾಯಿತು. ಒಂದೇ ಏಟಿಗೆ ಎರಡೂ ರೋಗ. ಬ್ಯಾಟರಿಯಿಂದ ನೇರ ಬೇರೆ ತಂತಿ, ಅದಕ್ಕೆ ಬ್ಯಾಟರಿ ಹತ್ತಿರವೇ ಬೇರೆ ಫ್ಯೂಸ್, ನಡುವೆ ರಿಲೇ ಹಾಕಿಸಿರಿ. ಬಾಕ್ಸಿನ ಫ್ಯೂಸ್ ಹೋದರೆ ಹಾಡು ನಿಲ್ಲುತ್ತದೆ ಅಷ್ಟೇ, ಘಾಟಿನಲ್ಲಿ ಗಾಡಿ ನಿಲ್ಲುವುದಿಲ್ಲ.

ಪೇಟೆಯಲ್ಲಿ ರಾಶಿ ಲೆಕ್ಕದಲ್ಲಿ ಸಿಗುವ ಹೆಸರಿಲ್ಲದ ಫ್ಯೂಸುಗಳ ಬಗ್ಗೆಯೂ ಎಚ್ಚರ. ಮೇಲೆ 15 ಎಂದು ಬರೆದಿರುತ್ತದೆ, ಒಳಗಿನ ಎಳೆ ಯಾವ ಲೆಕ್ಕದ್ದೋ ದೇವರಿಗೆ ಗೊತ್ತು. ಹಲ್ಲನ್ನು ಪಾಲಿಶ್ ಕಾಗದದಿಂದ ತಿಕ್ಕುವುದೂ ಬೇಡ. ಮೇಲಿನ ತವರದ ಲೇಪ ಹೋಗಿ ಬೇಗ ಕಿಲುಬು ಹಿಡಿಯುತ್ತದೆ.

ನಮ್ಮಲ್ಲಿ ಈಗ ಒಂದು ರೂಢಿ ಇಟ್ಟುಕೊಂಡಿದ್ದೇವೆ. ಸರ್ವಿಸಿಗೆ ಬಂದ ಪ್ರತಿ ಪೆಟ್ರೋಲ್ ಪಿಕಪ್ಪಿನ ಪಂಪ್ ಎಷ್ಟು ಆಂಪ್ ಎಳೆಯುತ್ತದೆ ಎಂದು ಮೀಟರ್ ಇಟ್ಟು ನೋಡಿ, ಗಾಡಿ ನಂಬರಿನ ಮುಂದೆ ವಹಿಯಲ್ಲಿ ಬರೆಯುತ್ತೇವೆ. ಹೋದ ಸಲ 5 ಇದ್ದದ್ದು ಈ ಸಲ 7 ಆಗಿದ್ದರೆ, ಫ್ಯೂಸ್ ಇನ್ನೂ ಹಾರದಿದ್ದರೂ ನಾವೇ ಮಾತು ತೆಗೆಯುತ್ತೇವೆ. ಫಿಲ್ಟರ್ ನೋಡುತ್ತೇವೆ, ಜಾಳಿ ನೋಡುತ್ತೇವೆ. ಸಂಘದವರಿಗೆ ಪಾಸ್‌ಬುಕ್ಕಿನ ಬೆಲೆ ಬೇರೆ ಹೇಳಬೇಕಾಗಿಲ್ಲ, ಹಿಂದಿನ ಬರಹ ಇದ್ದರೆ ಮಾತ್ರ ಇವತ್ತಿನ ಅಂಕಿಗೆ ಅರ್ಥ. ತಂತಿ ನೋಡುವುದನ್ನು ಮಾತ್ರ ಲೋಡ್ ಹೇರಿದ ಗಾಡಿಯ ಕೆಳಗೇ ಮಲಗಿ ನೋಡುತ್ತೇವೆ, ಚಾಸಿಗೆ ಗಟ್ಟಿ ಮರದ ದಿಮ್ಮಿ ಆಸರೆ ಕೊಟ್ಟು. ಮುರಿದ ಕ್ಲಿಪ್ಪಿಗೆ ಹೊಸ ಕ್ಲಿಪ್ಪು, ಉಜ್ಜುವ ಜಾಗಕ್ಕೆ ರಬ್ಬರ್ ಪೈಪಿನ ತೋಳು. ಇಷ್ಟಕ್ಕೆ ಅರ್ಧ ತಾಸು ಬೇಕು.

ಇಷ್ಟೆಲ್ಲ ಮಾಡಿಯೂ ರಾತ್ರಿ ಹೊತ್ತು ದಾರಿಯಲ್ಲಿ ಹಾರಿತು ಎನ್ನಿರಿ. ಗಾಡಿ ಓಡುತ್ತಿದ್ದಾಗ ಎಂಜಿನ್ ಸತ್ತರೆ ಪವರ್ ಸ್ಟೇರಿಂಗ್ ಇದ್ದ ಗಾಡಿಯಲ್ಲಿ ಸ್ಟೇರಿಂಗ್ ಭಾರವಾಗುತ್ತದೆ, ಬ್ರೇಕಿಗೆ ಒಂದೆರಡು ಸಲದ ಸಹಾಯ ಮಾತ್ರ ಉಳಿದಿರುತ್ತದೆ. ಬ್ರೇಕನ್ನು ತುಳಿದು ಬಿಟ್ಟು, ತುಳಿದು ಬಿಟ್ಟು ಮಾಡಬೇಡಿರಿ, ಒಮ್ಮೆಗೇ ಒತ್ತಿ ಹಿಡಿದು ಎಡಕ್ಕೆ ತೆಗೆಯಿರಿ. ಏರಿನಲ್ಲಿ ಗಾಲಿಗೆ ಕಲ್ಲು ಕೊಡಿರಿ. (ಹೋಗುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆದು ಹೋಗಿರಿ. ನಿಮ್ಮ ಗಾಡಿ ಉಳಿಸಿದ ಕಲ್ಲು ಹಿಂದೆ ಬರುವ ಬೈಕಿನವನ ಪ್ರಾಣಕ್ಕೆ ಬರಬಾರದು.) ನಾಲ್ಕೂ ಇಂಡಿಕೇಟರ್ ಹಾಕಿ, ಹಿಂದೆ ಐವತ್ತು ಹೆಜ್ಜೆ ದೂರ ಕೆಂಪು ತ್ರಿಕೋನ ಇಡಿರಿ. ಹಂಗಾಮಿನಲ್ಲಿ ಹಿಂದಿನಿಂದ ದೀಪವಿಲ್ಲದ ಕಬ್ಬಿನ ಟ್ರೇಲರ್ ಬರುತ್ತಿರುತ್ತದೆ ಎನ್ನುವುದು ನೆನಪಿರಲಿ. ಅದೇ ಬಣ್ಣದ ಫ್ಯೂಸ್ ಒಂದು ಹಾಕಿ ನೋಡಿರಿ. ಅದು ನಿಂತರೆ ಊರಿಗೆ ಬಂದು ತೋರಿಸಿರಿ. ಅದೂ ಹಾರಿತೋ, ಮೂರನೆಯದು ಹಾಕಬೇಡಿರಿ, ತಂತಿಯನ್ನಂತೂ ಸುತ್ತಲೇಬೇಡಿರಿ. ರಾಷ್ಟ್ರೀಯ ಹೆದ್ದಾರಿಯ ಮೇಲಿದ್ದರೆ 1033ಕ್ಕೆ ಫೋನ್ ಮಾಡಿರಿ, ಟೋಲ್ ಕೊಡುತ್ತೇವಲ್ಲ, ಆ ಸೇವೆ ನಮ್ಮದೇ. ಹೊಗೆ, ಬೆಂಕಿ ಕಂಡರೆ ಮೊದಲು ಚಾವಿ, ಆಮೇಲೆ ಮಂದಿ, ಆಮೇಲೆ ಕೈಗೆ ಸಿಕ್ಕರೆ ಬ್ಯಾಟರಿ, 112ಕ್ಕೆ ಫೋನ್. ಪಲ್ಲೆಯ ಲೆಕ್ಕ ಕಡೆಗೆ.

ಆಡಳಿತ ಮಂಡಳಿಗೆ ಒಂದು ವಿನಂತಿ ಇದೆ. ಗೊಬ್ಬರ, ಬೀಜ ಮಾರುವ ಸಂಘದ ಮಳಿಗೆಯಲ್ಲಿ ಒಂದು ಡಬ್ಬಿ ಒಳ್ಳೆಯ ಕಂಪನಿಯ ಫ್ಯೂಸುಗಳನ್ನು ಇಡಬೇಕು, 10ರಿಂದ 30ರ ತನಕ ಎಲ್ಲಾ ನಂಬರಿನವು. ಆ ರಾತ್ರಿ ನಮ್ಮ ಹತ್ತಿರ ಒಂದು ನೀಲಿ ಫ್ಯೂಸ್ ಇದ್ದಿದ್ದರೆ ನಾವು ಹಸಿರನ್ನು ಮುಟ್ಟುತ್ತಿರಲಿಲ್ಲ. ಇದು ನೆಪ ಅಲ್ಲ, ತಪ್ಪು ನಮ್ಮದೇ. ಆದರೂ ಡಬ್ಬಿ ಇಟ್ಟರೆ ಚಲೋ.

ಆ ಗಾಡಿಯಿಂದ ಕಡಿದು ತೆಗೆದ ಸುಟ್ಟ ತಂತಿ ಇಲ್ಲಿ ಮೇಜಿನ ಮೇಲಿದೆ. ಪಕ್ಕದಲ್ಲಿ ಆ ಹಸಿರು ಫ್ಯೂಸೂ ಇದೆ, ಇನ್ನೂ ಗಟ್ಟಿಯಾಗಿದೆ. ಎರಡನ್ನೂ ಕೈಯಿಂದ ಕೈಗೆ ದಾಟಿಸಿ ಎಲ್ಲರೂ ನೋಡಿರಿ. ನೋಡಿದಮೇಲೆ ವಾಪಸ್ ಕೊಡಿರಿ, ಗ್ಯಾರೇಜಿನ ಗೋಡೆಯ ಮೊಳೆಗೆ ಮತ್ತೆ ತೂಗು ಹಾಕಬೇಕು.